ಮಹಾರಾಣಿ ಲಕ್ಷ್ಮಮ್ಮಣ್ಣಿ ಮತ್ತು ಒಂದು ಲಸಿಕೆಯ ಕಥೆ

ಕುರುಡುಮಲೆಗೆ ಹೋಗಿದ್ದೀರಾ? ಮುಳಬಾಗಿಲಿನಿಂದ ಸುಮಾರು 10 ಕಿಲೋಮೀಟರ್. ಅಲ್ಲಿನ ಗಣಪತಿ ಒಂದೇ ಕಲ್ಲಿನದು, ಎತ್ತರ 13 ಅಡಿಗೂ ಹೆಚ್ಚು. ಹೊಸ ಕೆಲಸ ಶುರು ಮಾಡೋ ಮುಂಚೆ ಇಲ್ಲಿ ಬಂದು ಕೈ ಮುಗಿಯಬೇಕು ಅನ್ನೋದು ನಮ್ಮ ಕಡೆಯ ನಂಬಿಕೆ. ಆ ಕಡೆಯ ಹುಡುಗರಾದ ನಾವು ಪ್ರತಿ ಸೆಮಿಸ್ಟರ್ ಶುರುವಿನಲ್ಲಿ ಹೋಗಿ ಬರ್ತೀವಿ. ರಿಸಲ್ಟ್ ಮಾತ್ರ ಕೇಳಬೇಡಿ.

2021ರಲ್ಲಿ ಅದೇ ಊರಿನಲ್ಲಿ ನಮ್ಮ ಗುಂಪಿನ ಒಬ್ಬನ ಅಜ್ಜಿ ಕೊರೊನಾ ಲಸಿಕೆ ಬೇಡವೇ ಬೇಡ ಅಂತ ಕೂತುಬಿಟ್ಟರು. ಆಶಾ ಕಾರ್ಯಕರ್ತೆ ಮೂರು ಸಲ ಬಂದು ಹೇಳಿದರು. ನಾವು ಮೊಬೈಲಲ್ಲಿ ವಿಡಿಯೋ ತೋರಿಸಿದ್ವಿ, ಗ್ರಾಫ್ ತೋರಿಸಿದ್ವಿ. ಊಹೂಂ. ಕೊನೆಗೆ ಪಕ್ಕದ ಮನೆಯ ಇನ್ನೊಬ್ಬ ಅಜ್ಜಿ ಹಾಕಿಸಿಕೊಂಡು ಬಂದು, ಜಗಲಿ ಮೇಲೆ ಕೂತು, ಸೆರಗು ಸರಿಸಿ ತೋಳು ತೋರಿಸಿದರು. ಮಾರನೇ ದಿನ ನಮ್ಮ ಅಜ್ಜಿ ತಾವಾಗಿಯೇ ಹೊರಟರು!

ನಮ್ಮ ಅಷ್ಟೂ ಗ್ರಾಫ್ ಮಾಡದ ಕೆಲಸವನ್ನು ಒಂದು ತೋಳು ಹೇಗೆ ಮಾಡಿತು? ಇದನ್ನು ಹುಡುಕುತ್ತಾ ಹೋದಾಗ ಸಿಕ್ಕವರು ಮೈಸೂರಿನ ಮಹಾರಾಣಿ ಲಕ್ಷ್ಮಮ್ಮಣ್ಣಿ.

ಅವರು ಹುಟ್ಟಿದ್ದು 1742ರಲ್ಲಿ. ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ. ಹೆಸರಿಗೆ ರಾಣಿ, ಆದ್ರೆ ಅಧಿಕಾರ ಅರಮನೆಯ ಕೈಯಲ್ಲಿ ಇರಲಿಲ್ಲ. 1761ರ ಹೊತ್ತಿಗೆ ಅದೆಲ್ಲಾ ಹೈದರಾಲಿಯ ಕೈ ಸೇರಿತ್ತು. ಹೈದರ್ ಹುಟ್ಟಿದ್ದು ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲೇ. ಅವನ ಕಥೆ ನಮಗೆ ಸ್ಕೂಲಿನಿಂದ ಗೊತ್ತು, ಅವನ ಎದುರು ನಿಂತ ಈ ಹೆಣ್ಣುಮಗಳ ಕಥೆ ಮಾತ್ರ ಗೊತ್ತಿರಲಿಲ್ಲ.

1766ರಲ್ಲಿ ರಾಜರು ತೀರಿಕೊಂಡರು. ಅವರನ್ನು ತೆಗೆದುಕೊಂಡು ಹೋಗಿದ್ದು ಸಿಡುಬು ಎನ್ನುತ್ತಾರೆ ಇತಿಹಾಸಕಾರ ನೈಜೆಲ್ ಚಾನ್ಸೆಲರ್. ಇಪ್ಪತ್ತರ ಹರೆಯದಲ್ಲೇ ವಿಧವೆಯಾದ ಲಕ್ಷ್ಮಮ್ಮಣ್ಣಿ ಮುಂದಿನ ಮೂವತ್ತಮೂರು ವರ್ಷ ಒಂದೇ ಕೆಲಸಕ್ಕೆ ಕಾದರು: ಮನೆತನಕ್ಕೆ ರಾಜ್ಯ ಮರಳಿ ಬರಬೇಕು. ತಿರುಮಲರಾಯರ ಮೂಲಕ ಮದ್ರಾಸಿನ ಇಂಗ್ಲಿಷರ ಜೊತೆ ಗುಟ್ಟಾಗಿ ಮಾತುಕತೆ ನಡೆಸಿ 1782ರಲ್ಲಿ ಒಂದು ಒಪ್ಪಂದವನ್ನೂ ಮಾಡಿಸಿಕೊಂಡರು. ಸಿಕ್ಕಿಬಿದ್ದಿದ್ದರೆ ಏನಾಗ್ತಿತ್ತು ಅಂತ ಊಹಿಸಿಕೊಳ್ಳಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಜೂನ್ 30ಕ್ಕೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಪೂರ್ಣಯ್ಯ ದಿವಾನರಾದರು. ಮಗು ರಾಜನ ಹಿಂದೆ ನಿಂತ ಅಜ್ಜಿ ಲಕ್ಷ್ಮಮ್ಮಣ್ಣಿ.

ಅಷ್ಟರಲ್ಲಿ ಸಿಡುಬಿಗೆ ಹೊಸ ಉಪಾಯ ಬಂದಿತ್ತು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿಗೆ ಬರುವ ಸಿಡುಬಿನಿಂದ ಲಸಿಕೆ ಮಾಡಿ ತೋರಿಸಿದ್ದರು. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಮೂರು ವರ್ಷದ ಅನ್ನಾ ಡಸ್ಟ್‌ಹಾಲ್‌ಗೆ ಚುಚ್ಚಿದ್ದೇ ಭಾರತದ ಮೊದಲ ಲಸಿಕೆ. ಆಗ ಫ್ರಿಜ್ ಇಲ್ಲ, ಕೋಲ್ಡ್ ಚೈನ್ ಇಲ್ಲ. ಒಬ್ಬರ ತೋಳಿನಲ್ಲಿ ಗುಳ್ಳೆ ಎದ್ದು, ಸುಮಾರು ಒಂದು ವಾರದ ಮೇಲೆ ಅದರ ರಸ ತೆಗೆದು ಇನ್ನೊಬ್ಬರ ತೋಳಿಗೆ ಚುಚ್ಚಬೇಕು. ಮನುಷ್ಯರೇ ಸಪ್ಲೈ ಚೈನ್!

ಜನ ಒಪ್ಪುತ್ತಾರಾ? ಯಾರದೋ ಮೈಯ ಕೀವು, ಯಾವ ಜಾತಿಯವರದೋ, ಅದೂ ಹಸುವಿನ ರೋಗ. ಸಿಡುಬು ಅಂದರೆ ನಮ್ಮಲ್ಲಿ ಬರೀ ಕಾಯಿಲೆಯೂ ಅಲ್ಲ, ಅಮ್ಮ ಬಂದಿದ್ದಾಳೆ ಅಂತ ಬೇವಿನ ಸೊಪ್ಪು ಕಟ್ಟುವ ಜನ ನಾವು.

ಇಲ್ಲಿ ಸ್ವಲ್ಪ ಸೈಕಾಲಜಿ. 1950ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯರೋಗ ಪತ್ತೆಗೆ ಎಕ್ಸ್-ರೇ ತಪಾಸಣೆ ಇಟ್ಟರೂ ಎಷ್ಟೋ ಜನ ಬರುತ್ತಿರಲಿಲ್ಲ. ಯಾಕೆ ಅಂತ ಯೋಚಿಸಿದ ಹಾಖ್‌ಬೌಮ್, ರೋಸೆನ್‌ಸ್ಟಾಕ್ ಮತ್ತಿತರರು ಹೆಲ್ತ್ ಬಿಲೀಫ್ ಮಾಡೆಲ್ ಕಟ್ಟಿದರು. ಮನುಷ್ಯ ಒಳಗೇ ಲೆಕ್ಕ ಹಾಕ್ತಾನೆ: ಈ ರೋಗ ನನಗೆ ಬರುತ್ತಾ? ಬಂದ್ರೆ ಎಷ್ಟು ಕೆಟ್ಟದ್ದು? ಮದ್ದಿನಿಂದ ಲಾಭ ಏನು? ಅಡ್ಡಿ ಏನು? ಕೊನೆಗೆ ಎಬ್ಬಿಸಿ ಕಳಿಸುವ ಒಂದು ಸುಳಿವೂ ಬೇಕು. ಮುಂದೆ ಆಲ್ಬರ್ಟ್ ಬಂಡೂರ ಇನ್ನೊಂದು ಮಾತು ಸೇರಿಸಿದರು: ನಾವು ಇನ್ನೊಬ್ಬರನ್ನು ನೋಡಿಯೂ ಕಲಿಯುತ್ತೇವೆ. ನಮ್ಮಂಥವರೇ ಮಾಡಿ ತೋರಿಸಿದರೆ ನಮ್ಮಿಂದಲೂ ಆಗುತ್ತೆ ಅನ್ನೋ ಧೈರ್ಯ ಬರುತ್ತೆ.

ಲಕ್ಷ್ಮಮ್ಮಣ್ಣಿಯವರಿಗೆ ರೋಗದ ಭಯವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅಡ್ಡಿಯನ್ನು ದಾಟಿಸಲು ಒಂದು ಉದಾಹರಣೆ ಬೇಕಿತ್ತು. 1805ರಲ್ಲಿ ಸುಮಾರು ಹನ್ನೆರಡು ವರ್ಷದ ದೇವಾಜಮ್ಮಣ್ಣಿ ಸೊಸೆಯಾಗಿ ಅರಮನೆಗೆ ಬಂದರು. ಅವರಿಗೆ ಲಸಿಕೆ ಹಾಕಿಸಲಾಯಿತು. ಆ ಕಾಲಕ್ಕೆ ಥಾಮಸ್ ಹಿಕ್ಕಿ ಬರೆದ ಒಂದು ಚಿತ್ರವಿದೆ. ಅದರಲ್ಲಿ ಮೂವರು ಹೆಂಗಸರು. ಬಹಳ ಕಾಲ ಅವರನ್ನು ನರ್ತಕಿಯರು ಅಂದುಕೊಂಡಿದ್ದರು. ಚಾನ್ಸೆಲರ್ ಪ್ರಕಾರ ಅವರು ಮೈಸೂರಿನ ರಾಣಿಯರು. ಬಲಗಡೆಯವರು ದೇವಾಜಮ್ಮಣ್ಣಿ, ಸೆರಗು ಸರಿಸಿ ಲಸಿಕೆ ಹಾಕಿದ ತೋಳು ತೋರಿಸುತ್ತಿದ್ದಾರೆ. ಎಡಗಡೆಯ ರಾಣಿಯ ಮೂಗು ಬಾಯಿ ಸುತ್ತ ಬಣ್ಣ ಬದಲಾಗಿರುವುದು ಹಳೆಯ ಪದ್ಧತಿಯ ಗುರುತು. ಆಗ ಸಿಡುಬಿನ ಹಕ್ಕಳೆಯ ಪುಡಿಯನ್ನೇ ಮೂಗಿಗೆ ಊದುತ್ತಿದ್ದರು. ಹಳೆಯದು, ಹೊಸದು ಒಂದೇ ಚಿತ್ರದಲ್ಲಿ! ರಾಣಿಯನ್ನು ನೋಡಿ ಜನರೂ ಮುಂದೆ ಬಂದರು ಅಂತ 1806ರ ದಾಖಲೆ ಹೇಳುತ್ತದೆ.

ಮಾಡೆಲ್‌ನ ಎಲ್ಲಾ ಬಾಕ್ಸಿಗೂ ಟಿಕ್ ಬಿತ್ತು ಅಂತ ನಾವು ಖುಷಿಪಟ್ಟೆವು. ಆಮೇಲೆ ನಮ್ಮಲ್ಲಿ ಒಬ್ಬಳು ಕೇಳಿದಳು: ಆ ಹುಡುಗಿಯನ್ನು ಯಾರಾದ್ರೂ ಕೇಳಿದ್ರಾ? ಉತ್ತರ ಹೊಳೆಯಲಿಲ್ಲ. ರಾಜನೂ ಚಿಕ್ಕವನು, ರಾಣಿಯೂ ಚಿಕ್ಕವಳು, ಬೇಡ ಅನ್ನುವ ಸ್ಥಿತಿ ಇಬ್ಬರಿಗೂ ಇರಲಿಲ್ಲ. ಊರಿನವರು ನೋಡಿ, ಯೋಚಿಸಿ ಬಂದರು. ದೇವಾಜಮ್ಮಣ್ಣಿ ಹಿರಿಯರು ಹೇಳಿದ್ದಕ್ಕೆ ತೋಳು ಕೊಟ್ಟರು. ಲಸಿಕೆ ಒಳ್ಳೆಯದೇ, ಆದ್ರೆ ಈ ಎರಡೂ ಒಂದೇ ಅಲ್ಲ.

ಲಕ್ಷ್ಮಮ್ಮಣ್ಣಿ 1810ರಲ್ಲಿ ತೀರಿಕೊಂಡರು. ಗಂಡನನ್ನು ಕಿತ್ತುಕೊಂಡ ರೋಗ ಭಾರತ ಬಿಟ್ಟು ಹೋಗಿದ್ದು 1975ರಲ್ಲಿ, ಇಡೀ ಜಗತ್ತಿನಿಂದ ಹೋಯಿತು ಅಂತ ಘೋಷಣೆ ಆಗಿದ್ದು 1980ರಲ್ಲಿ.

ಈ ಸಲ ಕುರುಡುಮಲೆಗೆ ಹೋದಾಗ ಅಜ್ಜಿಗೆ ಈ ಕಥೆ ಹೇಳಿದ್ವಿ. ಪೂರ್ತಿ ಕೇಳಿದರು. ಆಮೇಲೆ, ರಾತ್ರಿ ಎರಡು ಗಂಟೆವರೆಗೆ ಮೊಬೈಲ್ ನೋಡೋದನ್ನ ನೀವು ಯಾರನ್ನು ನೋಡಿ ಬಿಡ್ತೀರಿ ಅಂತ ಕೇಳಿದರು. ಉತ್ತರ ಇನ್ನೂ ಹುಡುಕ್ತಾ ಇದ್ದೀವಿ. ಹಾಸ್ಟೆಲಿನಲ್ಲಿ ಯಾರಾದ್ರೂ ಮೊದಲು ಬಿಟ್ಟು ತೋರಿಸಿದ್ರೆ ನಾವೂ ಬರ್ತೀವಿ.