ಮೂಸಾ ರೇಮಂಡ್: ಹೈದರಾಬಾದಿನಲ್ಲಿ ಫ್ರೆಂಚ್ ಕ್ರಾಂತಿಯ ನೆರಳು

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ಸಮಾಜ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳತೊಡಗಿತ್ತು. ವಾಲ್ಟೇರ್, ರೂಸೋ, ದಿದೆರೋ ಮೊದಲಾದ ಚಿಂತಕರು ಅರಸೊತ್ತಿಗೆಯನ್ನೂ ಪುರೋಹಿತಶಾಹಿಯನ್ನೂ ಹುಟ್ಟಿನಿಂದ ಬಂದ ಹಿರಿಮೆಯನ್ನೂ ವಿಚಾರದ ಒರೆಗಲ್ಲಿಗೆ ಹಚ್ಚಿದರು. 1770ರಲ್ಲಿ ಹೊರಬಂದ ಅಬೆ ರೇನಾಲನ ಬೃಹದ್ಗ್ರಂಥವು ಪೂರ್ವದೇಶಗಳಲ್ಲಿ ಯೂರೋಪಿಯನ್ನರ ವ್ಯಾಪಾರವನ್ನೂ ಆಕ್ರಮಣವನ್ನೂ ಟೀಕೆಗೆ ಗುರಿಪಡಿಸಿತು. ಈ ವೈಚಾರಿಕ ಮಂಥನದ ನಂತರ ಬಂದದ್ದು 1789ರ ಫ್ರೆಂಚ್ ಮಹಾಕ್ರಾಂತಿ. ಅದರ ಲಾಂಛನಗಳು ಕೆಲವೇ ವರ್ಷಗಳಲ್ಲಿ ಹೈದರಾಬಾದಿನಲ್ಲಿಯೂ ಕಾಣಿಸಿಕೊಂಡವು. ಅವು ಕಾಣಿಸಿಕೊಂಡದ್ದು ನಿಜಾಮನ ಸೇನಾನಿ ಮಿಶೆಲ್ ಜೋಕಿಮ್ ಮರಿ ರೇಮಂಡನ ಪಡೆಯಲ್ಲಿ. ಲಾಂಛನಗಳ ಜೊತೆಗೆ ಕ್ರಾಂತಿಯ ಆಶಯಗಳೂ ಬಂದವೆ ಎಂಬುದು ಅವನ ಜೀವನವು ನಮ್ಮ ಮುಂದಿಡುವ ಪ್ರಶ್ನೆ.

ರೇಮಂಡ್ ಹುಟ್ಟಿದ್ದು 1755ರಲ್ಲಿ, ಫ್ರಾನ್ಸಿನ ಗ್ಯಾಸ್ಕನಿ ಸೀಮೆಯಲ್ಲಿ. 1775ರಲ್ಲಿ ಅವನು ಪಾಂಡಿಚೇರಿಗೆ ಬಂದದ್ದು ವ್ಯಾಪಾರ ಮಾಡುವ ಉದ್ದೇಶದಿಂದ. ಆದರೆ ತಕ್ಕಡಿಗಿಂತ ಕತ್ತಿ ಅವನನ್ನು ಹೆಚ್ಚು ಆಕರ್ಷಿಸಿತು. ಷೆವಲಿಯೆ ದ ಲಾಲಿಯ ನೇತೃತ್ವದಲ್ಲಿ ಮೈಸೂರಿನ ಸೇವೆಯಲ್ಲಿದ್ದ ಫ್ರೆಂಚ್ ತುಕಡಿಯನ್ನು ಸೇರಿದ ಆತನು ಸೈನಿಕ ವೃತ್ತಿಯ ಮೊದಲ ಪಾಠಗಳನ್ನು ಕಲಿತದ್ದು ಹೈದರಾಲಿಯ ಸೇನೆಯಲ್ಲಿ. 1783ರಲ್ಲಿ ಫ್ರೆಂಚ್ ಸೇನಾಪತಿ ಬುಸ್ಸಿ ಭಾರತಕ್ಕೆ ಮರಳಿದಾಗ ರೇಮಂಡ್ ಅವನ ಅಂಗಾಧಿಕಾರಿಯಾದನು. ಹೈದರಾಬಾದಿನ ರಾಜಕಾರಣವನ್ನು ಬಹುಕಾಲ ಬಲ್ಲ ಬುಸ್ಸಿಯ ಸಹವಾಸವು ತರುಣ ರೇಮಂಡನಿಗೆ ದಖ್ಖನಿನ ದಾರಿಯನ್ನು ತೋರಿಸಿತೆನ್ನಬೇಕು. 1785ರಲ್ಲಿ ಬುಸ್ಸಿ ತೀರಿಕೊಂಡ ಮರುವರ್ಷ ಅವನು ನಿಜಾಮ್ ಅಲಿ ಖಾನನ ಸೇವೆಗೆ ಸೇರಿದನು.

ಆರಂಭದಲ್ಲಿ ಅವನ ಕೈಕೆಳಗೆ ಇದ್ದವರು ಕೇವಲ 300 ಜನ; ಅವರ ಬಂದೂಕುಗಳು ಕೂಡ ಬಾಡಿಗೆಗೆ ತಂದವೆಂದು ಹೇಳಲಾಗಿದೆ. ಹನ್ನೆರಡು ವರ್ಷಗಳ ಅವಧಿಯಲ್ಲಿ ಈ ತುಕಡಿ ಸುಮಾರು 14,000 ಜನರ ಪಡೆಯಾಗಿ ಬೆಳೆಯಿತು. ಯೂರೋಪಿನ ಕವಾಯತು, ಫ್ರೆಂಚ್ ಅಧಿಕಾರಿಗಳು, ಸ್ವಂತ ಫಿರಂಗಿದಳ ಇವು ಅದರ ಬಲವಾಗಿದ್ದವು. ಫಿರಂಗಿಗಳನ್ನು ಹೈದರಾಬಾದಿನಲ್ಲಿಯೇ ಎರಕ ಹೊಯ್ಯಲಾಗುತ್ತಿತ್ತು. ನಗರದ ಗನ್‌ಫೌಂಡ್ರಿ ಬಡಾವಣೆಗೆ, ಅಂದರೆ ತೋಪ್ ಕಾ ಸಾಂಚಾ ಎಂಬಲ್ಲಿಗೆ, ಆ ಹೆಸರು ಬಂದದ್ದು ಇದರಿಂದಲೇ. 1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ನಿಜಾಮನು ಆಂಗ್ಲರ ಮಿತ್ರನಾಗಿದ್ದನು. ಹೀಗಾಗಿ ಹೈದರಾಲಿಯ ಉಪ್ಪುಂಡಿದ್ದ ರೇಮಂಡನು ಹೈದರನ ಮಗನ ವಿರುದ್ಧವೇ ಹೋರಾಡಬೇಕಾಯಿತು. ಕೂಲಿಸೇನಾನಿಯ ನಿಷ್ಠೆಗಿದ್ದ ಮಿತಿಯನ್ನು ಈ ಸಂಗತಿ ತೋರಿಸುತ್ತದೆ.

1795ರ ಮಾರ್ಚಿಯಲ್ಲಿ ಖರ್ಡಾದಲ್ಲಿ ನಿಜಾಮನು ಮರಾಠರಿಂದ ಸೋತನು. ಕಂಪನಿ ಸರಕಾರವು ತಟಸ್ಥವಾಗಿ ಉಳಿದದ್ದು ಅವನ ಮನಸ್ಸನ್ನು ಕದಡಿತು. ಆಂಗ್ಲ ಪಡೆಗಳನ್ನು ದೂರವಿಟ್ಟು ಅವನು ರೇಮಂಡನನ್ನು ಆಶ್ರಯಿಸಿದನು. ಅದೇ ವರ್ಷ ರಾಜಕುಮಾರ ಆಲೀಜಾಹನು ದಂಗೆಯೆದ್ದು ಬೀದರನ್ನು ಹಿಡಿದಾಗ, ಅವನನ್ನು ಬೆನ್ನಟ್ಟಿ ಬಂಡಾಯವನ್ನು ಅಡಗಿಸಿದವನು ರೇಮಂಡನೇ. ಅರಸುಮನೆತನದ ವಿರುದ್ಧ ಎದ್ದ ಜನರ ಧ್ವಜ ಹೊತ್ತಿದ್ದ ಪಡೆ ಇಲ್ಲಿ ಅರಸನ ಗದ್ದುಗೆಯನ್ನು ಕಾಯಿತು.

ಈ ವೈರುಧ್ಯವೇ ರೇಮಂಡನ ಬದುಕಿನ ಸಾರ. ಅವನ ರೆಜಿಮೆಂಟುಗಳು ಗಣರಾಜ್ಯದ ತ್ರಿವರ್ಣ ಪತಾಕೆಯನ್ನು ಹಾರಿಸುತ್ತಿದ್ದವು. ಸಮವಸ್ತ್ರದ ಗುಂಡಿಗಳ ಮೇಲೆ ಸ್ವಾತಂತ್ರ್ಯದ ಟೊಪ್ಪಿಗೆಯನ್ನು ಕೆತ್ತಲಾಗಿತ್ತು. ಆದರೆ ಅವನು ಅಜ್ದರ್ ಜಂಗ್ ಮೊದಲಾದ ದರ್ಬಾರಿ ಬಿರುದುಗಳನ್ನು ಧರಿಸಿದ ಅಮೀರನೂ ಆಗಿದ್ದನು. ಹುಟ್ಟಿನಿಂದ ಬಂದ ಪದವಿಗಳನ್ನು ಫ್ರಾನ್ಸು ರದ್ದುಪಡಿಸಿದ್ದ ಕಾಲದಲ್ಲಿಯೇ ಫ್ರೆಂಚ್ ವ್ಯಾಪಾರಿಯೊಬ್ಬನು ದಖ್ಖನಿನಲ್ಲಿ ನವಾಬನಂತೆ ಬದುಕಿದನು. ಗುಂಡಿಯ ಮೇಲಿನ ಟೊಪ್ಪಿಗೆ ಅದನ್ನು ತೊಟ್ಟ ಸಿಪಾಯಿಗೆ ಏನನ್ನೂ ವಾಗ್ದಾನ ಮಾಡಲಿಲ್ಲ. 1797ರಲ್ಲಿ ಶ್ರೀರಂಗಪಟ್ಟಣದಲ್ಲಿ ಫ್ರೆಂಚರು ಜಾಕೊಬಿನ್ ಸಭೆಯೊಂದನ್ನು ಸೇರಿಸಿ ಸ್ವಾತಂತ್ರ್ಯವೃಕ್ಷವನ್ನು ನೆಟ್ಟರೆಂದು ಆಂಗ್ಲರು ಪ್ರಕಟಿಸಿದ ಕಾಗದಪತ್ರಗಳು ಹೇಳುತ್ತವೆ. ಅವುಗಳ ವಿಶ್ವಾಸಾರ್ಹತೆಯನ್ನು ಶಂಕಿಸುವ ಇತಿಹಾಸಕಾರರಿದ್ದಾರೆ. ಹೇಗೇ ಇರಲಿ, ದಕ್ಷಿಣದ ಎರಡು ದರ್ಬಾರುಗಳಲ್ಲಿ ಒಮ್ಮೆಗೇ ಫ್ರೆಂಚ್ ಪ್ರಭಾವ ಕಂಡ ಆಂಗ್ಲರು ಬೆದರಿದರೆಂಬುದು ನಿಶ್ಚಯ.

1798ರ ಮಾರ್ಚಿ 25ರಂದು ರೇಮಂಡ್ ಅಕಸ್ಮಾತ್ತಾಗಿ ತೀರಿಕೊಂಡನು. ವಿಷಪ್ರಾಶನದ ವದಂತಿ ಹಬ್ಬಿತಾದರೂ ಅದಕ್ಕೆ ಪುರಾವೆ ದೊರೆತಿಲ್ಲ. ಆ ವರ್ಷ ಗವರ್ನರ್ ಜನರಲ್ ಆಗಿ ಬಂದ ವೆಲ್ಲೆಸ್ಲಿಯು ಫ್ರೆಂಚ್ ಪಡೆಯನ್ನು ಮುರಿಯುವುದನ್ನು ತನ್ನ ಮೊದಲ ಗುರಿಗಳಲ್ಲೊಂದನ್ನಾಗಿ ಮಾಡಿಕೊಂಡನು. ಸೆಪ್ಟೆಂಬರ್ 1ರಂದು ಸಹಾಯಕ ಸೈನ್ಯದ ಒಪ್ಪಂದವಾಯಿತು. ರೇಮಂಡನ ಸ್ಥಾನಕ್ಕೆ ಬಂದ ಪಿರೋನನಿಗೆ ಅವನಿಗಿದ್ದ ವರ್ಚಸ್ಸಿರಲಿಲ್ಲ. ಬಾಕಿ ಸಂಬಳಕ್ಕಾಗಿ ಸಿಪಾಯಿಗಳು ತಮ್ಮ ಅಧಿಕಾರಿಗಳ ವಿರುದ್ಧವೇ ತಿರುಗಿಬಿದ್ದರು. ಅಕ್ಟೋಬರ್ 22ರಂದು ಕಂಪನಿಯ ಸೇನೆ ಪಾಳೆಯವನ್ನು ಸುತ್ತುವರಿದಾಗ, ಸುಮಾರು 11,000 ಸೈನಿಕರು ರಕ್ತಪಾತವಿಲ್ಲದೆ ಶಸ್ತ್ರಗಳನ್ನು ಕೆಳಗಿಟ್ಟರು. ಕ್ರಾಂತಿಯ ಧ್ವಜಕ್ಕಾಗಿ ಪ್ರಾಣ ಕೊಡುವವರು ಅಲ್ಲಿ ಯಾರೂ ಇರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ.

ಇದರ ಪರಿಣಾಮವನ್ನು ಕನ್ನಡನಾಡೂ ಉಂಡಿತು. ಏಳೇ ತಿಂಗಳಲ್ಲಿ, 1799ರ ಮೇ 4ರಂದು, ನಿಜಾಮನ ಸೈನ್ಯದ ನೆರವಿನೊಡನೆ ಆಂಗ್ಲರು ಶ್ರೀರಂಗಪಟ್ಟಣವನ್ನು ಗೆದ್ದರು. ಸಹಾಯಕ ಸೈನ್ಯದ ವೆಚ್ಚಕ್ಕಾಗಿ 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. ಬೀದರ, ಕಲಬುರ್ಗಿ, ರಾಯಚೂರುಗಳು ನಿಜಾಮನಲ್ಲಿಯೇ ಉಳಿದವು. ಹೀಗೆ ಎಳೆದ ಗಡಿಗಳು ಅಳಿಸಿಹೋಗಲು 1953 ಮತ್ತು 1956ರವರೆಗೆ ಕಾಯಬೇಕಾಯಿತು.

ಹೈದರಾಬಾದಿನ ಪೂರ್ವಕ್ಕೆ, ಅಸ್ಮಾನ್‌ಗಢದ ಸಮೀಪದ ಗುಡ್ಡದ ಮೇಲೆ ರೇಮಂಡನ ಸಮಾಧಿಯಿದೆ. ಸುಮಾರು ಏಳು ಮೀಟರು ಎತ್ತರದ ಶಿಲಾಸ್ತಂಭ, ಅದರ ಮೇಲೆ ಅವನ ಹೆಸರಿನ ಆದ್ಯಕ್ಷರಗಳು, ಪಕ್ಕದಲ್ಲಿ ಗ್ರೀಕ್ ಶೈಲಿಯ ಕಂಬಗಳ ಮಂಟಪ. ಮುಸಲ್ಮಾನರು ಅವನನ್ನು ಮೂಸಾ ರಹೀಮನೆಂದೂ ಹಿಂದೂಗಳು ಮೂಸಾ ರಾಮನೆಂದೂ ಕರೆದರು. ಅವನ ಪುಣ್ಯತಿಥಿಯಂದು ಇಲ್ಲಿ ಉರುಸು ನಡೆಯುತ್ತಿತ್ತು. ಮೂಸಾರಾಂಬಾಗ್ ಬಡಾವಣೆ ಆ ಹೆಸರನ್ನು ಉಳಿಸಿಕೊಂಡಿದೆ. ಸ್ವಾತಂತ್ರ್ಯ, ಸಮಾನತೆಗಳನ್ನು ರೇಮಂಡ್ ಇಲ್ಲಿ ಬಿತ್ತಲಿಲ್ಲ. ಅವನಿಗೆ ಅವು ಪತಾಕೆಯ ಬಣ್ಣಗಳಾಗಿಯೇ ಉಳಿದವು. ಅವನಿಗೆ ಸಂದ ನಿಜವಾದ ಸಮಾನತೆಯೆಂದರೆ, ಎರಡು ಮತಗಳ ಸಾಮಾನ್ಯ ಜನರು ಒಂದೇ ಸಮಾಧಿಗೆ ಕೈಮುಗಿದದ್ದು. ಅದನ್ನು ಕೊಟ್ಟದ್ದು ಪ್ಯಾರಿಸ್ಸಿನ ಘೋಷಣೆಯಲ್ಲ, ದಖ್ಖನಿನ ಜನಮನ.