ಹಾಲಿನ ಡಬ್ಬಿಯ ವಿರುದ್ಧ ನಿಂತ ಡಾಕ್ಟರಮ್ಮ: ಸಿಸಿಲಿ ವಿಲಿಯಮ್ಸ್

1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬು ಒಬ್ಬ ಡಾಕ್ಟರಮ್ಮನನ್ನು ಭಾಷಣಕ್ಕೆ ಕರೆಯಿತು. ಕ್ಲಬ್ಬಿನ ಅಧ್ಯಕ್ಷರು ಅಲ್ಲಿನ ನೆಸ್ಲೆ ಕಂಪನಿಯ ಮುಖ್ಯಸ್ಥರೂ ಹೌದು. ಅಂಥ ಸಭೆಯಲ್ಲಿ ಆಕೆ ತಮ್ಮ ಭಾಷಣಕ್ಕೆ ಇಟ್ಟ ಹೆಸರು ‘ಹಾಲು ಮತ್ತು ಕೊಲೆ’. ಎಳೆಗೂಸುಗಳಿಗೆ ಎದೆಹಾಲು ಬಿಡಿಸಿ ಡಬ್ಬಿಹಾಲು ಹಿಡಿಸುವ ಪ್ರಚಾರವನ್ನು ರಾಜದ್ರೋಹದಂತೆ ಶಿಕ್ಷಿಸಬೇಕು, ಅದರಿಂದಾದ ಸಾವುಗಳನ್ನು ಕೊಲೆ ಅಂತಲೇ ಲೆಕ್ಕ ಹಾಕಬೇಕು ಎಂದು ಅವರು ವಾದಿಸಿದರು. ಹೆಸರು ಸಿಸಿಲಿ ವಿಲಿಯಮ್ಸ್.

ಎದೆಹಾಲಿನ ಮಾತು ಬಂದರೆ ನಮ್ಮಲ್ಲಿ ಎಲ್ಲರೂ ತಾಯಂದಿರಿಗೆ ಬುದ್ಧಿ ಹೇಳೋಕೆ ಶುರು ಮಾಡ್ತಾರೆ. ಹಾಲು ಅಮೃತ, ತಾಯಿ ದೇವರು, ಈಗಿನ ಹೆಣ್ಮಕ್ಕಳಿಗೆ ತಾಳ್ಮೆ ಇಲ್ಲ. ಸಿಸಿಲಿ ಬದುಕನ್ನು ಓದುತ್ತಾ ಹೋದಂತೆ ನನಗೆ ಈ ಉಪದೇಶವೇ ತಪ್ಪು ವಿಳಾಸಕ್ಕೆ ಹೋಗ್ತಿದೆ ಅನ್ನಿಸಿತು.

ಅವರು ಹುಟ್ಟಿದ್ದು 1893ರಲ್ಲಿ, ಬ್ರಿಟಿಷರ ವಸಾಹತಾಗಿದ್ದ ಜಮೈಕಾದಲ್ಲಿ. ಮೊದಲ ಮಹಾಯುದ್ಧಕ್ಕೆ ಗಂಡಸರೆಲ್ಲ ಹೊರಟುಹೋಗಿ ಸೀಟು ಖಾಲಿ ಉಳಿದಿದ್ದರಿಂದ ಆಕ್ಸ್‌ಫರ್ಡ್‌ನಲ್ಲಿ ವೈದ್ಯಕೀಯ ಓದುವ ಅವಕಾಶ ಸಿಕ್ಕಿತು. 1923ರಲ್ಲಿ ಡಾಕ್ಟರಾದರು. ಯುದ್ಧ ಮುಗಿದು ಗಂಡಸರು ವಾಪಸ್ ಬಂದಿದ್ದರು, ಹೆಣ್ಣು ಡಾಕ್ಟರುಗಳಿಗೆ ಕೆಲಸ ಸಿಗೋದು ಕಷ್ಟವಾಗಿತ್ತು. 1929ರಲ್ಲಿ ವಸಾಹತು ಸೇವೆ ಸೇರಿ ಗೋಲ್ಡ್ ಕೋಸ್ಟ್‌ಗೆ, ಅಂದರೆ ಇವತ್ತಿನ ಘಾನಾಗೆ ಹೋದರು. ಹುದ್ದೆಯ ಹೆಸರಲ್ಲೇ ‘ಮಹಿಳಾ’ ಅಂತಿತ್ತು, ಸಂಬಳ ಗಂಡಸರಿಗಿಂತ ಕಡಿಮೆ.

ಅಕ್ರಾದ ಮಕ್ಕಳ ಆಸ್ಪತ್ರೆಗೆ ಒಂದರಿಂದ ನಾಲ್ಕು ವರ್ಷದ ಮಕ್ಕಳು ಬರ್ತಿದ್ದವು. ಕೈಕಾಲು ಊತ, ಹೊಟ್ಟೆ ದಪ್ಪ, ಕೆಂಚಾದ ಕೂದಲು, ಸುಲಿದು ಬರುವ ಚರ್ಮ. ಬಹಳಷ್ಟು ಮಕ್ಕಳು ಉಳೀತಿರಲಿಲ್ಲ. ಇದಕ್ಕೆ ನೀವೇನಂತೀರಿ ಅಂತ ಸಿಸಿಲಿ ಅಲ್ಲಿನ ಹೆಂಗಸರನ್ನೇ ಕೇಳಿದರು. ಗಾ ಭಾಷೆಯಲ್ಲಿ ಅದಕ್ಕೊಂದು ಹೆಸರಿತ್ತು: ಕ್ವಾಶಿಯೋರ್ಕರ್. ಹೊಸ ಕೂಸು ಹುಟ್ಟಿದಾಗ ದೊಡ್ಡ ಕೂಸಿಗೆ ಬರುವ ಕಾಯಿಲೆ ಅಂತ ಅರ್ಥ. ರೋಗದ ಸುಳಿವು ಹೆಸರಲ್ಲೇ ಇತ್ತು. ತಮ್ಮನೋ ತಂಗಿಯೋ ಬಂದ ಕೂಡಲೇ ದೊಡ್ಡ ಮಗುವಿಗೆ ಎದೆಹಾಲು ನಿಲ್ತಿತ್ತು, ಆಮೇಲೆ ಸಿಗ್ತಿದ್ದದ್ದು ಬರೀ ಮೆಕ್ಕೆಜೋಳದ ಗಂಜಿ.

1933ರಲ್ಲಿ ಇದನ್ನು ಬರೆದರು, 1935ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆ ಆಫ್ರಿಕನ್ ಹೆಸರಿಟ್ಟೇ ಪ್ರಕಟಿಸಿದರು. ಇದು ಹೊಸದೇನಲ್ಲ, ಗೊತ್ತಿರುವ ಪೆಲಾಗ್ರ ಕಾಯಿಲೆ ಅಂತ ತಜ್ಞರೊಬ್ಬರು ತಳ್ಳಿಹಾಕಿದರು. ಈ ಕಾಯಿಲೆಗೆ ಪ್ರೋಟೀನ್ ಕೊರತೆಯೊಂದೇ ಕಾರಣವಾ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ, ಆದರೆ ಇದು ಬೇರೆಯೇ ಕಾಯಿಲೆ ಅನ್ನುವ ಅವರ ಮಾತು ಉಳಿಯಿತು. ಮೇಲಧಿಕಾರಿಗಳ ಜೊತೆ ಜಟಾಪಟಿಯಾಗಿ 1936ರಲ್ಲಿ ಅವರಿಗೆ ಮಲಯಾಕ್ಕೆ ವರ್ಗವಾಯಿತು.

ಅಲ್ಲಿ ಕಂಡದ್ದು ಬೇರೆ ಕತೆ. ಸಿಂಗಪುರದಲ್ಲಿ ಈಗಷ್ಟೇ ಹುಟ್ಟಿದ ಕೂಸುಗಳು ಸಾಯ್ತಿದ್ದವು. ನರ್ಸ್ ಥರ ಬಟ್ಟೆ ತೊಟ್ಟ ಹೆಂಗಸರನ್ನು ಕಂಪನಿಗಳು ಬಾಣಂತಿಯರ ಮನೆಗೆ ಕಳಿಸಿ, ಸಕ್ಕರೆ ಬೆರೆಸಿದ ಗಟ್ಟಿ ಹಾಲನ್ನು ಕೂಸಿಗೆ ಒಳ್ಳೇದು ಅಂತ ಮಾರಿಸ್ತಿದ್ದವು. ಕೆನೆ ತೆಗೆದ ಆ ಹಾಲಲ್ಲಿ ‘ಎ’ ಮತ್ತು ‘ಡಿ’ ವಿಟಮಿನ್ ಇರಲಿಲ್ಲ.

ಈ ವ್ಯಾಪಾರ ನಡೆಯೋದು ಹೇಗೆ ಅಂತ ನೋಡಿ. ಎಂಜಿನಿಯರಿಂಗ್ ಓದಿದ ನನಗೆ ಇದು ಪಕ್ಕಾ ಫೀಡ್‌ಬ್ಯಾಕ್ ಲೂಪ್. ಕೂಸು ಎಷ್ಟು ಚೀಪುತ್ತೋ ಅಷ್ಟು ಹಾಲು ಉತ್ಪತ್ತಿಯಾಗುತ್ತೆ. ಬಾಟಲಿ ಕೊಟ್ಟರೆ ಕೂಸು ಚೀಪೋದು ಕಡಿಮೆ ಆಗುತ್ತೆ, ಹಾಲೂ ಕಡಿಮೆ ಆಗುತ್ತೆ, ಆಮೇಲೆ ಬಾಟಲಿ ಇಲ್ಲದೆ ಆಗೋದೇ ಇಲ್ಲ. ಮೊದಲ ಡಬ್ಬಿ ಪುಕ್ಕಟೆ ಕೊಟ್ಟರೆ ಸಾಕು, ಮುಂದಿನದ್ದು ತಾನಾಗೇ ಖರ್ಚಾಗುತ್ತೆ. ಬಡವರ ಮನೆಯಲ್ಲಿ ಡಬ್ಬಿ ಹೆಚ್ಚು ದಿನ ಬರಲಿ ಅಂತ ನೀರು ಜಾಸ್ತಿ ಹಾಕ್ತಾರೆ. ನೀರು ಕೊಳಕಾಗಿದ್ದರೆ ಭೇದಿ ಶುರುವಾಗುತ್ತೆ. ಸಿಸಿಲಿ ಕೊಲೆ ಅಂದದ್ದು ಇದನ್ನು. ಅವರ ಸಿಟ್ಟು ತಾಯಿಯ ಮೇಲಿರಲಿಲ್ಲ, ಮಾರುವವರ ಮೇಲಿತ್ತು.

ಜಪಾನ್ ಸೇನೆ ಮಲಯಾಕ್ಕೆ ನುಗ್ಗಿದಾಗ ಅವರು ಚಾಂಗಿ ಸೆರೆಮನೆ ಸೇರಿದರು. ಮೂರೂವರೆ ವರ್ಷ ಸೆರೆವಾಸ, ಅದರಲ್ಲಿ ಕೆಲ ತಿಂಗಳು ಜಪಾನಿನ ಮಿಲಿಟರಿ ಪೊಲೀಸರ ಕೈಯಲ್ಲಿ. ಬೆರಿಬೆರಿ ಬಂದು ಪಾದಗಳ ಸ್ಪರ್ಶವೇ ಹೋಯಿತು. ಸೆರೆಯಲ್ಲಿ 20 ಕೂಸುಗಳು ಹುಟ್ಟಿದವು, 20 ಕೂಸುಗಳೂ ಎದೆಹಾಲು ಕುಡಿದವು, 20 ಕೂಸುಗಳೂ ಬದುಕಿದವು ಅಂತ ಅವರು ದಾಖಲಿಸಿದ್ದಾರೆ. ಅರೆಹೊಟ್ಟೆಯ ತಾಯಂದಿರು, ಡಬ್ಬಿಯೇ ಸಿಗದ ಜಾಗ.

1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಾಯಿ ಮತ್ತು ಮಕ್ಕಳ ಆರೋಗ್ಯ ವಿಭಾಗಕ್ಕೆ ಅವರೇ ಮೊದಲ ಮುಖ್ಯಸ್ಥೆಯಾದರು. 1977ರಲ್ಲಿ ನೆಸ್ಲೆ ಬಹಿಷ್ಕಾರದ ಚಳವಳಿ ಶುರುವಾಗುವ ಹೊತ್ತಿಗೆ ಅವರಿಗೆ 80 ದಾಟಿತ್ತು. 1981ರಲ್ಲಿ ಡಬ್ಬಿಹಾಲಿನ ಮಾರಾಟಕ್ಕೆ ಅಂತಾರಾಷ್ಟ್ರೀಯ ಸಂಹಿತೆ ಬಂತು. ಪರವಾಗಿ 118 ದೇಶಗಳು, ವಿರುದ್ಧವಾಗಿ ಒಂದೇ ಒಂದು ದೇಶ, ಅಮೆರಿಕ. ಸಿಸಿಲಿ ತೀರಿಕೊಂಡದ್ದು 1992ರ ಜುಲೈನಲ್ಲಿ, 98ನೇ ವಯಸ್ಸಿನಲ್ಲಿ.

ಅದೇ ಡಿಸೆಂಬರ್‌ನಲ್ಲಿ ಭಾರತ ತನ್ನದೇ ಕಾಯ್ದೆ ಮಾಡಿತು. ಅದರ ಪ್ರಕಾರ ಎಳೆಗೂಸಿನ ಡಬ್ಬಿಹಾಲಿಗೆ ಜಾಹೀರಾತು ಇಲ್ಲ, ತಾಯಂದಿರಿಗೆ ಪುಕ್ಕಟೆ ಸ್ಯಾಂಪಲ್ ಇಲ್ಲ, ಡಾಕ್ಟರಿಗೆ ಉಡುಗೊರೆ ಇಲ್ಲ, ಡಬ್ಬಿ ಮೇಲೆ ಕೂಸಿನ ಚಿತ್ರವೂ ಇಲ್ಲ. ಸಿಸಿಲಿ ಕೇಳಿದ್ದ ಕಾನೂನು ಇದೇ. ಆದರೆ ಜಾಹೀರಾತು, ಸ್ಯಾಂಪಲ್, ಉಡುಗೊರೆಗೆ ದಂಡ ಹೆಚ್ಚೆಂದರೆ 5 ಸಾವಿರ ರೂಪಾಯಿ. ಜೈಲು ಶಿಕ್ಷೆಗೂ ಅವಕಾಶ ಇದೆ, ಅದು ಕೋರ್ಟಿನ ತನಕ ಹೋದರೆ.

ಇನ್ನು ಅಂಕಿಗಳು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ದೇಶದ ಶೇ. 88.6ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಗೋದು ಶೇ. 41.8 ಕೂಸುಗಳಿಗೆ ಮಾತ್ರ. ಆ ಮೊದಲ ಗಂಟೆಯಲ್ಲಿ ಬಾಣಂತಿ ಆಸ್ಪತ್ರೆಯ ಕೈಯಲ್ಲಿರ್ತಾಳೆ. ಕೂಸನ್ನು ಬೇಗ ಎದೆಗೆ ಹಾಕಿಸಿದರೆ ಅವಳ ರಕ್ತಸ್ರಾವ ತಗ್ಗುತ್ತೆ, ಹಾಲೂಡಿಸಿದಷ್ಟು ಕಾಲ ಸ್ತನ ಕ್ಯಾನ್ಸರ್ ಅಪಾಯವೂ ಇಳಿಯುತ್ತೆ. ಇದು ಕೂಸಿನಷ್ಟೇ ಅವಳ ಆರೋಗ್ಯದ ಹಕ್ಕು.

ಆರು ತಿಂಗಳು ಬರೀ ಎದೆಹಾಲು ಅಂತ ಸರ್ಕಾರವೇ ಹೇಳುತ್ತೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು, 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ಆದರೆ ಮನೆಗೆಲಸದ ಅಕ್ಕನಿಗೆ, ಕೂಲಿಗೆ ಹೋಗುವ ತಾಯಿಗೆ ಆ ರಜೆ ಎಲ್ಲಿಂದ ಬರಬೇಕು? ಅವಳ ಕೈಗೆ ಬಾಟಲಿ ಬಂದರೆ ಅದನ್ನು ಆಯ್ಕೆ ಅಂತ ಕರೆಯೋಕೆ ನನಗೆ ಮನಸ್ಸಾಗಲ್ಲ. ಕಾಯಿಲೆಯಿಂದಲೋ ಬೇರೆ ಕಾರಣಕ್ಕೋ ಹಾಲೂಡಿಸಲಾಗದ ತಾಯಂದಿರಿಗೆ ಡಬ್ಬಿಹಾಲು ಬೇಕೇ ಬೇಕು, ಅವರನ್ನು ಯಾರೂ ಕಟಕಟೆಗೆ ನಿಲ್ಲಿಸಬೇಕಿಲ್ಲ.

ಪ್ರತಿ ಆಗಸ್ಟ್ ಮೊದಲ ವಾರ ಸ್ತನ್ಯಪಾನ ಸಪ್ತಾಹ ಬರುತ್ತೆ, ಮಂತ್ರಿಗಳು ಪೋಸ್ಟರ್ ಬಿಡುಗಡೆ ಮಾಡ್ತಾರೆ. ಈ ಸಲ ಅವರ ಮುಂದೆ ಎರಡು ಪ್ರಶ್ನೆ ಇಡೋಣ. ನಿಮ್ಮ ಜಿಲ್ಲೆಯಲ್ಲಿ 1992ರ ಕಾಯ್ದೆಯಡಿ ಇಲ್ಲೀತನಕ ಎಷ್ಟು ಕೇಸು ಹಾಕಿದ್ದೀರಿ? ಎಷ್ಟು ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಒಬ್ಬ ತಾಯಿ ಹೋಗಿ ಕೂಸಿಗೆ ಹಾಲೂಡಿಸಿ ಬರುವ ಜಾಗ ಇದೆ?