ಥಾಮಸ್ ಯಂಗ್ ಮಹಾಶಯನ ಜೀವನಚರಿತ್ರೆ

ದೂರದ ಗುಡ್ಡವನ್ನು ನೋಡುವ ಕಣ್ಣೇ ಮರುಕ್ಷಣದಲ್ಲಿ ಸೂಜಿಯ ಕಣ್ಣಿಗೆ ದಾರ ಪೋಣಿಸಲು ನೆರವಾಗುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಅಳತೆಯಿಂದ ಕಂಡುಹಿಡಿದ ಮಹನೀಯನ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಸಂಕ್ಷೇಪವಾಗಿ ತಿಳಿಸಲು ಅಪೇಕ್ಷಿಸುತ್ತೇವೆ.

ಥಾಮಸ್ ಯಂಗನು 1773ನೆಯ ಇಸವಿ ಜೂನ್ 13ರಂದು ಇಂಗ್ಲೆಂಡ್ ದೇಶದ ಮಿಲ್ವರ್ಟನ್ ಎಂಬ ಗ್ರಾಮದಲ್ಲಿ ಕ್ವೇಕರ್ ಪಂಗಡದ ಒಂದು ಕುಟುಂಬದಲ್ಲಿ ಜನಿಸಿದನು. ಹತ್ತು ಮಕ್ಕಳಲ್ಲಿ ಇವನೇ ಹಿರಿಯನು. ಲಂಡನ್, ಎಡಿನ್‌ಬರೋ ಮತ್ತು ಗಟಿಂಗೆನ್ ಪಟ್ಟಣಗಳಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿದನು.

ಇಪ್ಪತ್ತು ವರ್ಷ ತುಂಬುವ ಮೊದಲೇ, 1793ರಲ್ಲಿ, ಕಣ್ಣಿನೊಳಗಿನ ಮಸೂರವು ತನ್ನ ಆಕಾರವನ್ನು ಬದಲಿಸುವುದರಿಂದಲೇ ಸಮೀಪದ ವಸ್ತುಗಳು ಕಾಣುವವೆಂದು ಇವನು ರಾಯಲ್ ಸೊಸೈಟಿಗೆ ನಿವೇದಿಸಿದನು. ಮರುವರ್ಷವೇ ಆ ಸಭೆಯ ಸದಸ್ಯತ್ವವು ಲಭಿಸಿತು. ಆದರೆ ಮಸೂರವನ್ನು ತೆಗೆದುಹಾಕಿದ ಕಣ್ಣಿಗೂ ಈ ಶಕ್ತಿಯುಂಟೆಂದು ಹಿರಿಯ ಪಂಡಿತರು ಸಾರಲು, ಯಂಗನು ತನ್ನ ಅಭಿಪ್ರಾಯವನ್ನು ಬಿಟ್ಟುಕೊಟ್ಟನು.

ಆದಾಗ್ಯೂ ಇವನು ಸುಮ್ಮನಿರಲಿಲ್ಲ. ತನ್ನ ಕಣ್ಣನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡನು. ಕಣ್ಣಿನ ಮುಂಭಾಗದ ಸ್ವಚ್ಛ ಪಟಲವಾದ ಕಾರ್ನಿಯಾಕ್ಕೆ ನೀರು ತಗಲುವಂತೆ ಮಾಡಿ ಅದರ ಪ್ರಭಾವವನ್ನು ಇಲ್ಲದಂತಾಗಿಸಿದರೂ ಸಮೀಪದೃಷ್ಟಿಯು ಹೊಂದಿಕೊಳ್ಳುತ್ತಿತ್ತು. ಕಣ್ಣುಗುಡ್ಡೆಯ ಮುಂದೆಯೂ ಹಿಂದೆಯೂ ಉಂಗುರಗಳನ್ನು ಒತ್ತಿಹಿಡಿದು, ಅದರ ಉದ್ದವು ಹೆಚ್ಚುವುದಿಲ್ಲವೆಂದು ಕಂಡನು. ಮಸೂರವಿಲ್ಲದ ಜನರನ್ನು ಪರೀಕ್ಷಿಸಲು, ಅವರಲ್ಲಿ ಆ ಶಕ್ತಿಯು ಇರಲೇ ಇಲ್ಲ! 1800ನೆಯ ಇಸವಿ ನವೆಂಬರಿನಲ್ಲಿ ಇವೆಲ್ಲವನ್ನೂ ಸಭೆಯ ಮುಂದಿಟ್ಟು ತನ್ನ ಮೊದಲಿನ ಮತವನ್ನು ಸ್ಥಾಪಿಸಿದನು. ಮಸೂರವೇ ಸ್ನಾಯುವೆಂದು ಇವನು ಭಾವಿಸಿದ್ದು ಮಾತ್ರ ಸರಿಯಾಗಿರಲಿಲ್ಲ. ಅದರ ಸುತ್ತಲಿನ ಸ್ನಾಯುವಿನ ಕಾರ್ಯವನ್ನು 1855ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸನು ವಿವರಿಸಿದನು.

1807ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ ಯಂಗನು ಮತ್ತೊಂದು ಸಂಗತಿಯನ್ನು ವಿವರಿಸಿದನು. ಒಂದೇ ದಪ್ಪದ ಎರಡು ತಂತಿಗಳಿಗೆ ಸಮಾನ ಭಾರವನ್ನು ತೂಗಹಾಕಿದರೆ ಒಂದು ಹೆಚ್ಚು ಹಿಗ್ಗುವುದು, ಇನ್ನೊಂದು ಕಡಿಮೆ. ಈ ಬಿಗುವಿನ ಅಳತೆಗೆ ಇಂದಿಗೂ ಇವನ ಹೆಸರೇ ಇದೆ. 1811ರಿಂದ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದು, 1829ನೆಯ ಮೇ 10ರಂದು ಲಂಡನ್ನಿನಲ್ಲಿ ದಿವಂಗತನಾದನು.

ಇವನ ಈ ಎರಡು ಕೆಲಸಗಳೂ ಇಂದು ಒಂದಾಗಿವೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಸಂಶೋಧಕರು ಕಾರ್ನಿಯಾದ ಬಿಗುವನ್ನು ಅಳೆದು, ಅದರ ಪ್ರತಿರೂಪವನ್ನು ಗಣಕಯಂತ್ರದಲ್ಲಿ ರಚಿಸುತ್ತಾರೆ. ಯಂತ್ರವು ಕಣ್ಣಿನ ಮೇಲೆ ಗಾಳಿಯನ್ನು ಮೆಲ್ಲನೆ ಊದುವುದು. ಕೇವಲ ಅರ್ಧ ಮಿಲಿಮೀಟರ್ ದಪ್ಪದ ಆ ಪಟಲವು ಎಷ್ಟು ತಗ್ಗಿ, ಹೇಗೆ ಮರಳಿ ಏಳುವುದೆಂದು ವೇಗದ ಕ್ಯಾಮರಾ ತೋರಿಸುವುದು. ಕಾರ್ನಿಯಾವು ತಂತಿಯಂತಲ್ಲ, ಮೊದಲು ಸುಲಭವಾಗಿ ಹಿಗ್ಗಿ, ಎಳೆದಷ್ಟೂ ಬಿರುಸಾಗುವುದು. ಆದುದರಿಂದ ಒಂದೇ ಅಂಕೆಯು ಅದಕ್ಕೆ ಸಾಲದು.

ಪಾಲಕರೇ, ಇದು ಪಂಡಿತರಿಗೆ ಮಾತ್ರ ಸಂಬಂಧಪಟ್ಟ ವಿಷಯವಲ್ಲ. ಕೆರಟೋಕೋನಸ್ ಎಂಬ ವ್ಯಾಧಿಯಲ್ಲಿ ಕಾರ್ನಿಯಾವು ಬಲಗುಂದಿ, ತೆಳುವಾಗಿ ಮುಂದಕ್ಕೆ ಉಬ್ಬುವುದು. ಇದು ಹೆಚ್ಚಾಗಿ ಹದಿಹರೆಯದಲ್ಲಿ, ಅಂದರೆ ಶಾಲೆಯ ವಯಸ್ಸಿನಲ್ಲಿಯೇ, ತಲೆದೋರುವುದು. ಕಣ್ಣುಜ್ಜುವ ಅಭ್ಯಾಸವು ಇದನ್ನು ಹೆಚ್ಚಿಸುವುದು. ಕೌಜಲಗಿಯ ಬೇಸಿಗೆಯ ಧೂಳಿನಲ್ಲಿ ಮಕ್ಕಳ ಕಣ್ಣು ತುರಿಸಿದರೆ ತಣ್ಣೀರಿನ ಬಟ್ಟೆಯನ್ನಿಡಿರಿ, ಉಜ್ಜಗೊಡಬೇಡಿರಿ. ಕನ್ನಡಕದ ಅಂಕೆಯು ಪದೇಪದೇ ಬದಲಾದರೆ ನೇತ್ರವೈದ್ಯರಿಗೆ ತೋರಿಸಿರಿ.

ನಮ್ಮ ಹೆಣ್ಣುಮಕ್ಕಳಾದರೋ ಯಂಗನಿಂದ ಇನ್ನೊಂದು ಪಾಠವನ್ನು ಕಲಿಯಲಿ. ದೊಡ್ಡವರು ಅಲ್ಲವೆಂದಾಗ ಇವನು ವಾದಿಸಲೂ ಇಲ್ಲ, ಮರೆತುಬಿಡಲೂ ಇಲ್ಲ, ಅಳೆದು ನೋಡಿದನು. ಅಳೆದು ಕಂಡ ಸತ್ಯವು ಹೇಳುವವರ ವಯಸ್ಸನ್ನು ಕೇಳುವುದಿಲ್ಲವೆಂದು ನಾವು ನಂಬಿದ್ದೇವೆ.